ಅಡ್ಡ ನಿಂತವನು

"ಹೋಟ್ಲು ಸೀನ್ ಬಂತು ಕಣವ್ವ, ಈಗ ಬತ್ತಾನೆ ನೋಡು," ಎಂದು ಗಾನವಿ ಹೇಳುತ್ತಿದ್ದಂತೆಯೇ ಟಿವಿ ಪರದೆಯ ಕೆಳಗಿನಿಂದ ಯಾವನದೋ ಕಪ್ಪು ತಲೆ ಮೇಲೆದ್ದಿತು. ಯಾರೋ ಥಿಯೇಟರಿನಲ್ಲಿ ಕೂತು ಕದ್ದು ಚಿತ್ರೀಕರಿಸಿದ ಕಾಪಿ ಅದು. ಮುಂದಿನ ಸಾಲಿನವನು ಎದ್ದು ನಿಂತು ಇಡೀ ಹೋಟೆಲನ್ನೇ ಮರೆಮಾಡಿದ್ದ. ಅವನಾಚೆಯಿಂದ ಗಾನವಿಯ ತಮ್ಮ ಶಿವಪ್ರಕಾಶನ ದನಿ ಮಾತ್ರ ಕೇಳಿಸಿತು: "ಇನ್ನೇನ್ ಕೊಡ್ಲಿ ಸಾರ್?"

ಸಪ್ಲೈಯರ್ ಪಾತ್ರದ ಅವನಿಗೆ ಇದ್ದದ್ದು ಆ ಒಂದೇ ಮಾತು. ಸಿನಿಮಾ ಬಿಡುಗಡೆಗೆ ಮುಂಚೆಯೇ ಅವನು ಬೈಕ್ ಅಪಘಾತದಲ್ಲಿ ಹೋಗಿಬಿಟ್ಟ. ಆ ದುಃಖದಲ್ಲಿ ಮನೆಯವರು ಯಾರೂ ಥಿಯೇಟರಿಗೆ ಹೋಗಲಿಲ್ಲ. ಸಿನಿಮಾ ವಾರದಲ್ಲೇ ಎತ್ತಂಗಡಿಯಾಯಿತು. ಈಗ ಅಮೆರಿಕದ ಮೌಂಟನ್ ವ್ಯೂನಲ್ಲಿರುವ ಮಗಳ ಮನೆಗೆ ಬಂದ ತಾಯಿ ವೆಂಕಟಮ್ಮ ಅದನ್ನು ನೋಡಬೇಕೆಂದು ಹಟ ಹಿಡಿದಾಗ, ಕದ್ದ ಸಿನಿಮಾ ನೋಡಿದ್ದು ತನ್ನ ಆಫೀಸಿನಲ್ಲಿ ಗೊತ್ತಾದರೆ ಏನಾಗುವುದೋ ಎಂಬ ಭಯ ನುಂಗಿಕೊಂಡು, ಯಾರ್ಯಾರದೋ ಕಂಪ್ಯೂಟರುಗಳಿಂದ ಚೂರುಚೂರಾಗಿ ಸಿನಿಮಾ ತಂದು ತೋರಿಸುವ ಪುಕ್ಕಟೆ ಆ್ಯಪನ್ನು ಗಾನವಿ ಹಾಕಿಕೊಂಡಿದ್ದಳು.

"ಯಾರವ್ವ ಅವ್ನು, ಕುಂತ್ಕೊಳ್ಳಕ್ ಹೇಳೆ!" ವೆಂಕಟಮ್ಮ ಸೋಫಾದಿಂದ ಮುಂದಕ್ಕೆ ಬಾಗಿದರು. ಗಾನವಿ ಸಿನಿಮಾವನ್ನು ಹಿಂದಕ್ಕೆ ಓಡಿಸಿದಳು. ಅದೇ ಮನುಷ್ಯ ಅದೇ ಗಳಿಗೆಗೆ ಎದ್ದ. ಅವನು ಸರಿಯುವಷ್ಟರಲ್ಲಿ ಮೇಜಿನ ಮೇಲೆ ಕಾಫಿಯಷ್ಟೇ ಇತ್ತು. ಬೇರೆ ಕಾಪಿ ಇದೆಯೇನೋ ಎಂದು ಹುಡುಕಿದಳು, ಇರಲಿಲ್ಲ.

"ಸಾಕು ಬುಡವ್ವ, ಕಾಣಕಿಲ್ಲ ಅವ್ನು," ಎಂದು ರಿಮೋಟು ಕೆಳಗಿಟ್ಟಳು.

ವೆಂಕಟಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಇನ್ನೊಂದ್ಸಲ ಹಾಕು ಮಗ," ಎಂದರು. "ದನಿನಾದ್ರೂ ಕೇಳ್ತೀನಿ."