ಕತ್ತರಿಗೆ ಕಾದ ಸಾಲು

ಸೆವೆರ್ ಪ್ಲೋಪಿಯಾನು ಕರಡಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದ. ಸಾಲು ಹಾಗೇ ಇತ್ತು. ಯಾರೂ ಕತ್ತರಿಸಿರಲಿಲ್ಲ.

‘ಗಡಿಯಾರ ಕೆಟ್ಟಿದೆ ಎಂದವನನ್ನು ರಿಪೇರಿಗೆ ಒಯ್ದರು.’

ಅದರ ಮೇಲೆ ಗೋಧಿ, ಟ್ರ್ಯಾಕ್ಟರು, ಇಬ್ಬನಿ. ಕೆಳಗೆ ಕಾರ್ಮಿಕರ ಬಲಿಷ್ಠ ತೋಳುಗಳು. ನಡುವೆ ಈ ಒಂದು ಸಾಲು, ಸಪ್ಪೆ ಮೆಕ್ಕೆಜೋಳದ ಮುದ್ದೆಯಲ್ಲಿ ಮೆಣಸಿನಕಾಯಿ ಸಿಕ್ಕಂತೆ.

ಬೂಟಿನ ಹಿಮವನ್ನೂ ಒರೆಸದೆ ಅವನು ‘ಗೋಧಿತೆನೆ’ ವಾರಪತ್ರಿಕೆಯ ಸಂಪಾದಕಿಯ ಕೋಣೆಗೆ ನುಗ್ಗಿದ.

“ಕಾಮ್ರೇಡ್ ಹೊರ್ತೆನ್ಸಿಯಾ, ಈ ಸಾಲು ನೋಡಿದ್ರಾ?”

“ನೋಡ್ದೆ. ನಿಜ ಹೇಳ್ಲಾ? ಇಡೀ ಪದ್ಯದಲ್ಲಿ ಅದೊಂದೇ ಪದ್ಯ.”

ಮಾತು ಎಲ್ಲೋ ಚುಚ್ಚಿತು. ಆದರೆ ಅಭಿಮಾನಕ್ಕೆ ಅದು ಹೊತ್ತಲ್ಲ. ದಯವಿಟ್ಟು ತೆಗೆದುಬಿಡಿ ಎಂದು ಸೆವೆರ್ ಕೈಮುಗಿಯುವುದೊಂದು ಬಾಕಿ.

ಬುಖಾರೆಸ್ಟ್‌ನಲ್ಲಿ ಕವಿಯ ಬೆಲೆ ಕಟ್ಟುತ್ತಿದ್ದುದು ಅಚ್ಚಾದ ಸಾಲಿನಿಂದಲ್ಲ, ಕತ್ತರಿಸಿದ ಸಾಲಿನಿಂದ. ಹಾಗಾಗಿ ಜಾಣ ಕವಿಗಳು ಪ್ರತಿ ಪದ್ಯದಲ್ಲೂ ಕತ್ತರಿಗೆಂದೇ ಒಂದು ದಿಟ್ಟ ಸಾಲು ಇಡುತ್ತಿದ್ದರು. ಸೆನ್ಸಾರಿನವರು ಅದನ್ನು ತೆಗೆಯುತ್ತಿದ್ದರು. ಟ್ರ್ಯಾಕ್ಟರು ಅಚ್ಚಾಗುತ್ತಿತ್ತು, ಸಂಭಾವನೆ ಬರುತ್ತಿತ್ತು. ಮಧ್ಯಾಹ್ನ ಲೇಖಕರ ಊಟದ ಮನೆಯಲ್ಲಿ, ತ್ಸುಯಿಕಾ ಬ್ರಾಂದಿಯ ಲೋಟದ ಮೇಲೆ ಬಾಗಿ, ತೆಗೆದುಹಾಕಿದ ಸಾಲನ್ನು ಮೆಲ್ಲಗೆ ಹೇಳಿದರೆ ಆಯಿತು. ಪ್ರಭುತ್ವಕ್ಕೂ ತೃಪ್ತಿ, ಧೈರ್ಯಕ್ಕೂ ತೃಪ್ತಿ.

ಈ ಕಲೆಯಲ್ಲಿ ಸೆವೆರ್‌ನನ್ನು ಮೀರಿಸುವವರಿರಲಿಲ್ಲ. ಅವನ ಕತ್ತರಿಸಿದ ಸಾಲುಗಳು ವಿಶ್ವವಿದ್ಯಾಲಯದ ಹುಡುಗರ ಬಾಯಲ್ಲಿದ್ದವು. ಹೆಂಡತಿಯ ಎದುರೂ ದನಿ ತಗ್ಗಿಸುವವರು ಅವನ ಎದುರು ಮನಸ್ಸು ಬಿಚ್ಚುತ್ತಿದ್ದರು. ಊಟದ ಮನೆಯ ಆ ಮೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಮನಸ್ಸು ಬಿಚ್ಚಿದ್ದ ಅಧ್ಯಾಪಕನೊಬ್ಬ ಈಗ ದೂರದ ಹಳ್ಳಿಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದ. ಪಾಪದ ಮನುಷ್ಯ ಎಂದು ಸೆವೆರ್ ಅವನ ಹೆಸರಿನಲ್ಲಿ ಲೋಟ ಎತ್ತುವುದುಂಟು.

ಹೊರ್ತೆನ್ಸಿಯಾ ಕನ್ನಡಕ ತೆಗೆದಳು. ಸೆನ್ಸಾರ್ ಇಲಾಖೆಯನ್ನು ಹೋದ ವರ್ಷವೇ ರದ್ದು ಮಾಡಿದ್ದನ್ನು ನೆನಪಿಸಿದಳು. ಅದಾದ ಮೇಲೆ ಎಲ್ಲರೂ ಮೊದಲಿಗಿಂತ ಹೆಚ್ಚು ಹೆದರಿದ್ದರು. ಇನ್ನು ತಪ್ಪಾದರೆ ಸಹಿ ಹಾಕಿದವರ ತಲೆಗೇ. ಹೋದ ವಾರವಷ್ಟೇ ಅವಳು ಚಳಿಗಾಲದ ಪದ್ಯವೊಂದರಿಂದ ‘ಮಂಜು’ ತೆಗೆದುಹಾಕಿದ್ದಳು. ಮುಂದಿನ ದಾರಿ ಕಾಣದು ಎಂಬ ಧ್ವನಿ ಬರುತ್ತದಂತೆ.

“ಮಂಜು ತೆಗೆದ ಕೈ ನಿಮ್ಮದು. ಇದನ್ನ ತೆಗೆಯಕ್ಕೆ ಏನು ಕಷ್ಟ?”

“ಮೇಲಿಂದ ಫೋನ್ ಬಂದಿದೆ. ಒಂದು ಅಲ್ಪವಿರಾಮನೂ ಮುಟ್ಟಬಾರದಂತೆ.”

“ಮೇಲಿಂದ ಅಂದ್ರೆ ಯಾರು?”

“ಅಂಥ ಫೋನಿಗೆ ಹೆಸರು ಕೇಳೋಷ್ಟು ದಡ್ಡಿ ಅಲ್ಲ ನಾನು.” ಅವಳು ಬೀರುವಿನಿಂದ ಅಸಲಿ ಕಾಫಿಪುಡಿಯ ಡಬ್ಬಿ ಹೊರತೆಗೆದಳು. “ಕೂತ್ಕೊಳ್ಳಿ. ಅಲ್ಲಿ ನಿಮಗೆ ಇಷ್ಟು ಬೇಕಾದವರಿದಾರೆ ಅಂತ ಗೊತ್ತೇ ಇರ್ಲಿಲ್ಲ.”

ಸೆವೆರ್ ಕಾಫಿ ಮುಟ್ಟಲಿಲ್ಲ.

ಅವನಿಗಿಂತ ಮೊದಲೇ ಸುದ್ದಿ ಊಟದ ಮನೆ ತಲುಪಿತ್ತು. ಮೇಜಿನ ಸುತ್ತ ಮಾತು ನಿಂತಿತು. ‘ಮಂಜು’ ಕಳೆದುಕೊಂಡ ಮುದುಕ ಕವಿ ಅನಾನಿಯಾ ಬ್ರೆಡ್ಡು ಮುರಿಯುತ್ತ ಕೂತಿದ್ದ.

“ಗಡಿಯಾರದ ಸಾಲು ಅಚ್ಚಾಗುತ್ತಂತೆ?”

“ಕಣ್ತಪ್ಪಿರ್ಬೇಕು.”

“ನನ್ನ ಮಂಜಿನೊಳಗೂ ಕಂಡ ಕಣ್ಣು, ನಿನ್ನ ಗಡಿಯಾರಕ್ಕೆ ಕುರುಡಾಯ್ತಾ?” ಅನಾನಿಯಾ ಬ್ರೆಡ್ಡಿನ ಗಟ್ಟಿ ಅಂಚನ್ನು ಅವನತ್ತ ತಳ್ಳಿದ. “ತಗೋ. ಓಹೋ, ನಿಂಗಾಗಲ್ಲ ಅಲ್ವಾ. ತಿಂಗಳು ತಿಂಗಳು ಹಲ್ಲಿನ ಡಾಕ್ಟ್ರ ಹತ್ರ ಓಡ್ತೀಯ, ಆ ಮುರಿದ ದವಡೆಹಲ್ಲು ಮಾತ್ರ ಹಂಗೇ ಇದೆ. ಡಾಕ್ಟ್ರನ್ನ ಬದಲಾಯಿಸು ಮಾರಾಯ.”

ಪಕ್ಕದವನು ತನ್ನ ಲೋಟವನ್ನು ಸ್ವಲ್ಪ ಆಚೆ ಸರಿಸಿಕೊಂಡ. ಗುರುವಾರ ಪತ್ರಿಕೆ ನೋಡಿ ಮಾತಾಡೋಣ ಎಂದು ಅನಾನಿಯಾ ಎದ್ದ.

ಅರ್ಥ ಸ್ಪಷ್ಟವಿತ್ತು. ಈ ಊರಿನಲ್ಲಿ ಕತ್ತರಿಸಿದ ಸಾಲು ಕವಿಯನ್ನು ವೀರನನ್ನಾಗಿ ಮಾಡುತ್ತದೆ. ಅದೇ ಸಾಲು ಅಚ್ಚಾಗಿ ಬಂದರೆ, ಬರೆದವನು ಮೇಲಿನವರ ಮನುಷ್ಯ. ಗುರುವಾರದೊಳಗೆ ಸಾಲು ಹೋಗಬೇಕು. ಇಲ್ಲವೇ ಸೆವೆರ್‌ನ ಹೆಸರೂ ಆ ಮೇಜಿನ ಕುರ್ಚಿಯೂ ಹೋಗುತ್ತವೆ.

ಅವನು ಪಾರ್ಟಿ ಕಾರ್ಯದರ್ಶಿಯ ಬಳಿ ಓಡಿದ. ಪತ್ರಿಕೆಯಲ್ಲಿ ಏನಿರಬೇಕೆಂದು ಹೇಳಲು ನಾನು ಯಾರು, ಈಗ ಸೆನ್ಸಾರ್ ಇಲ್ಲವಲ್ಲ ಎಂದು ಅವರು ನಕ್ಕರು. ಮುದ್ರಣಾಲಯದ ಮೇಸ್ತ್ರಿ, ಸಂಪಾದಕರ ಸಹಿ ಇಲ್ಲದೆ ಅಚ್ಚಿನ ಮೊಳೆ ಅಲ್ಲಾಡಿಸುವುದಿಲ್ಲ ಎಂದ. ಬರೆದವನೇ ತನ್ನ ಸಾಲಿನ ಮೇಲೆ ದೂರು ಕೊಡುವುದನ್ನು ಅವನು ನೋಡಿದ್ದು ಅದೇ ಮೊದಲು.

ಕಡೆಗೆ ಸೆವೆರ್ ಹಲ್ಲಿನ ಡಾಕ್ಟರ ಮನೆಯ ಮೆಟ್ಟಿಲು ಹತ್ತಿದ. ಅಂದು ಅವನ ಸರದಿಯಲ್ಲ. ಆದರೂ ಗಂಟೆ ಒತ್ತಿದ.

ಒಳಗೆ ಹಲ್ಲು ಕೀಳುವ ಕುರ್ಚಿ ಇರಲಿಲ್ಲ. ಒಂದು ಮೇಜು, ಅದರ ಹಿಂದೆ ಗುಪ್ತ ಪೊಲೀಸ್ ಇಲಾಖೆಯ ಮೇಜರ್, ಎಳೆದ ಪರದೆ. ಮೇಜಿನ ಮೇಲೆ ಅದೇ ಪುಟದ ಕರಡಚ್ಚು, ಒಂದು ಸುಕ್ಕೂ ಇಲ್ಲದೆ.

“ಕಾಮ್ರೇಡ್ ಮೇಜರ್,” ಸೆವೆರ್‌ನ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. “ಇದು ಅಚ್ಚಾದ್ರೆ ನಾನು ಯಾರು ಅಂತ ಅವರಿಗೆ ಗೊತ್ತಾಗಿಬಿಡುತ್ತೆ. ನನ್ನೆದುರು ಇನ್ಯಾರೂ ಬಾಯಿ ಬಿಡಲ್ಲ. ನಿಮಗೆ ತಂದು ಒಪ್ಪಿಸಕ್ಕೆ ನನ್ನ ಹತ್ರ ಏನಿರುತ್ತೆ? ಮುದ್ರಣಾಲಯಕ್ಕೆ ಒಂದು ಮಾತು ಹೇಳಿ, ಕತ್ತರಿಸಿಬಿಡ್ಲಿ.”

ಮೇಜರ್ ಗಡಿಯಾರದ ಸಾಲಿನ ಮೇಲೆ ಬೆರಳಾಡಿಸುತ್ತಿದ್ದರು.

“ಓದಿ ಹೊರ್ತೆನ್ಸಿಯಾ ಏನಂದ್ಲು?”

“ಇಡೀ ಪದ್ಯದಲ್ಲಿ ಅದೊಂದೇ ಪದ್ಯ ಅಂದ್ರು.”

ಮೇಜರ್ ಅವರ ಕಿವಿ ಕೆಂಪಾಯಿತು. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

“ಇಷ್ಟು ವರ್ಷದಿಂದ ನಿನಗೆ ಬರೆದು ಕೊಡ್ತಾ ಇದೀನಿ ಕಣಯ್ಯ. ನಂದೂ ಒಂದು ಸಾಲು ಅಚ್ಚಲ್ಲಿ ನೋಡೋದು ಬೇಡ್ವಾ?”