ನೀರಿನ ಮೇಲೆ ಕೂತವಳು

ಆ ಬಟ್ಟೆ ಅಂಗಡಿಯಲ್ಲಿ ಮಾರಾಟದ ಹೆಂಗಸರು ಕೂರುವಂತಿರಲಿಲ್ಲ. ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕು. ಇದ್ದೊಂದು ಸ್ಟೂಲನ್ನೂ ಮಾಲೀಕ ಎತ್ತಿಸಿಬಿಟ್ಟಿದ್ದ.

ಇವತ್ತು ಅವನೇ ಒಂದು ದೋಣಿ ಗೊತ್ತುಮಾಡಿ, ಜಾಹೀರಾತಿನ ಫೋಟೋಗೆಂದು ಅವರನ್ನೆಲ್ಲ ಸಮುದ್ರಕ್ಕೆ ಕರೆತಂದಿದ್ದ. ಕಿರಿಯರು ಬಾಯಿಗೆ ಉಸಿರಿನ ಕೊಳವೆ ಸಿಕ್ಕಿಸಿಕೊಂಡು, ನೀರಲ್ಲಿ ಮುಖವಿಟ್ಟು ಮೀನು ನೋಡುತ್ತಿದ್ದರು. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಪ್ಯಾಡಲ್ ಬೋರ್ಡೆಂಬ ತೇಲುವ ಹಲಗೆಯ ಮೇಲೆ ಹುಟ್ಟು ಹಿಡಿದು ನಿಂತಿದ್ದಳು. ವರ್ಷಗಟ್ಟಲೆ ನಿಂತು ನಿಂತು ಕಾಲಿನ ನರಗಳು ಉಬ್ಬಿದ್ದವು.

"ನಗು! ಅಂಗಡೀಲಿ ನಿಲ್ತೀಯಲ್ಲ, ಹಾಗೇ ನೆಟ್ಟಗೆ ನಿಂತ್ಕೊ!" ಎಂದು ಮಾಲೀಕ ದೋಣಿಯಿಂದ ಕೂಗಿದ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ದೊಡ್ಡಕ್ಕ ಸಾವಕಾಶವಾಗಿ ಮಂಡಿ ಮಡಿಸಿ ಬೋರ್ಡಿನ ಮೇಲೆ ಕೂತುಬಿಟ್ಟಳು. ಎರಡೂ ಕಾಲನ್ನು ತಣ್ಣನೆಯ ನೀರಿಗೆ ಇಳಿಬಿಟ್ಟಳು. ಜೀವಕ್ಕೆ ಹಾಯೆನಿಸಿತು.

"ಏಯ್, ತಲೆ ಸುತ್ತಿತಾ?"

"ಇಷ್ಟು ವರ್ಷ ಸುತ್ತುತ್ತಿತ್ತು ಸಾರ್. ಈಗ ನಿಂತೋಯ್ತು."

ಹುಡುಗಿಯರು ಕೊಳವೆ ಕಿತ್ತು ಕಿಸಕ್ಕನೆ ನಕ್ಕರು. "ಸ್ವಲ್ಪ ಸರ್ಕೊಳೇ ದೊಡ್ಡಕ್ಕ!" ಎನ್ನುತ್ತ ಒಬ್ಬಳು ಬೋರ್ಡು ಹತ್ತಿ ಪಕ್ಕದಲ್ಲೇ ಕೂತಳು. ಉಳಿದವರೂ ಸುತ್ತ ತೇಲುತ್ತಿದ್ದ ಬೇರೆ ಬೋರ್ಡುಗಳನ್ನು ಹತ್ತಿ ಕೂತರು.

ಮಾಲೀಕನ ಮುಖ ಕೆಂಪಾಯಿತು. "ಏಳ್ತೀಯೋ, ಇಲ್ಲಾ ನಾಳೆಯಿಂದ ಅಂಗಡಿಗೆ ಬರಬೇಡ ಅನ್ನಲೋ?"

"ಬಂದೇ ಬರ್ತೀವಿ ಸಾರ್, ಎಲ್ಲರೂ. ಬಂದು ಅಲ್ಲೂ ಕೂರ್ತೀವಿ," ಎಂದಳು ದೊಡ್ಡಕ್ಕ. "ಈಗಂತೂ ನಾನು ಏಳೋದಿಲ್ಲ."