ಶಿರಸ್ತೇದಾರರ ನಗು

ತುರ್ತು ವಿಭಾಗದಲ್ಲಿ ಚೀಟಿಗೆ ಐವತ್ತು ರೂಪಾಯಿ, ಇಸಿಜಿಗೆ ಮುನ್ನೂರು, ಸಕ್ಕರೆ ಪರೀಕ್ಷೆಗೆ ನೂರು. ನಗುವುದಕ್ಕೆ ಮಾತ್ರ ಯಾರೂ ಕಾಸು ಕೇಳಿರಲಿಲ್ಲ. ತಾಲ್ಲೂಕು ಕಚೇರಿಯ ಶಿರಸ್ತೇದಾರರು ಅದನ್ನೇ ಮಾಡಲು ಒಪ್ಪಲಿಲ್ಲ.

ಊಟ ಮಾಡುವಾಗ ಅವರ ಬಲಗೈಯಿಂದ ತುತ್ತು ಜಾರಿತ್ತು, ಮಾತು ತೊದಲಿತ್ತು. ಹೆಂಡತಿ ತಕ್ಷಣ ಆಟೋ ಹಿಡಿದು ಕರೆತಂದಿದ್ದರು.

“ಯಜಮಾನ್ರೇ, ಒಂದ್ಸಲ ನಗಿ. ಲಕ್ವ ಹೊಡೆದಿದ್ರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತೆ,” ಎಂದರು ಯುವ ವೈದ್ಯರು.

ಶಿರಸ್ತೇದಾರರು ಅರ್ಜಿ ತಿರಸ್ಕರಿಸುವ ಮುಖದಲ್ಲೇ ಕೂತಿದ್ದರು.

“ಇವ್ರು ಮದ್ವೆ ಫೋಟೋದಲ್ಲೂ ನಕ್ಕಿಲ್ಲ ಡಾಕ್ಟ್ರೇ,” ಎಂದರು ಹೆಂಡತಿ.

“ಮುಖ ಎರಡೂ ಕಡೆ ಒಂದೇ ಸಮ ಗಂಟಿಕ್ಕಿದೆಯಲ್ಲಮ್ಮ! ಬರೀ ಗ್ಯಾಸು. ಮಾತ್ರೆ ಬರ್ಕೊಡ್ತೀನಿ, ಮನೆಗೆ ಹೋಗಿ.”

“ಕೈಲಿ ತುತ್ತು ನಿಲ್ಲದೇ ಇರೋದೂ ಗ್ಯಾಸಾ?”

“ಡಾಕ್ಟ್ರು ನೀವಾ, ನಾನಾ?”

ಆಕೆ ಗಂಡನ ಕಿವಿಯ ಬಳಿ ಬಾಗಿದರು. “ರೀ, ಹೇಳೋದೇ ಮರ್ತಿದ್ದೆ. ನಿಮ್ಮನ್ನ ಹಿಂದೆ ಹಾಕಿ ತಹಶೀಲ್ದಾರ್ ಆದ್ನಲ್ಲ ಆ ಮುಕುಂದಯ್ಯ, ಬೆಳಿಗ್ಗೆ ಸಸ್ಪೆಂಡ್ ಆದ್ನಂತೆ.”

ಶಿರಸ್ತೇದಾರರು ನಕ್ಕರು. ಎಡಗಡೆಯ ತುಟಿ ಕಿವಿಯವರೆಗೆ ಹೋಯಿತು; ಬಲಗಡೆ ಅಲ್ಲಾಡಲೇ ಇಲ್ಲ.

ವೈದ್ಯರು ಮಾತ್ರೆಯ ಚೀಟಿ ಹರಿದುಹಾಕಿ ಸ್ಟ್ರೆಚರ್ ತರಲು ಕೂಗಿದರು. ಸ್ಕ್ಯಾನ್ ಆಯಿತು, ಹೊತ್ತು ಮೀರುವ ಮೊದಲೇ ಇಂಜೆಕ್ಷನ್ನೂ ಆಯಿತು.

ವಾರದ ಮೇಲೆ ತಹಶೀಲ್ದಾರ್ ಮುಕುಂದಯ್ಯ ಸರ್ಕಾರಿ ಜೀಪಿನಲ್ಲೇ ಬಂದು, ಕಿತ್ತಳೆ ಹಣ್ಣು ಕೊಟ್ಟು ಆರೋಗ್ಯ ವಿಚಾರಿಸಿದರು.

ಶಿರಸ್ತೇದಾರರಿಗೆ ಕೈ ಉಳಿದಿತ್ತು, ಮಾತು ಉಳಿದಿತ್ತು. ನಗು ಮಾತ್ರ ಹೋಯಿತು.